ದುರಂತ ನಾಟಕಗಳಲ್ಲಿ ಮನೆಯ ಗುಟ್ಟು ಕೊನೆಯಲ್ಲೇ ಯಾಕೆ ಬಯಲಾಗುತ್ತದೆ?

ಗುಟ್ಟು ಗೊತ್ತಾದ ಮೇಲೆ ಮನೆಯವರು ಏನು ಮಾಡ್ತಾರೆ ಅನ್ನೋದೇ ಅಲ್ಲಿ ಮುಖ್ಯ. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್, ತಾನು ಅಪ್ಪನನ್ನು ಕೊಂದು ಅಮ್ಮನನ್ನೇ ಮದುವೆಯಾಗಿದ್ದೇನೆ ಅಂತ ಗೊತ್ತಾದಾಗ, ತಾನೇ ಕಣ್ಣು ಚುಚ್ಚಿಕೊಳ್ಳುತ್ತಾನೆ.

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಘೋಸ್ಟ್ಸ್’ (1881) ಇದಕ್ಕಿಂತ ಜಾಸ್ತಿ ಕಾಡುತ್ತದೆ. ಗಂಡನ ಲಂಪಟತನವನ್ನು ಹೆಲೆನ್ ವರ್ಷಗಟ್ಟಲೆ ಮುಚ್ಚಿಟ್ಟಿದ್ದಾಳೆ. ಮಗ ಓಸ್ವಾಲ್ಡ್ ಮನಸೋತ ಕೆಲಸದ ಹುಡುಗಿ ರೆಜೀನಾ ಅದೇ ಅಪ್ಪನ ಮಗಳು! ಸತ್ಯ ಕೇಳಿ ರೆಜೀನಾ ಹೊರಟುಹೋಗುತ್ತಾಳೆ. ನಾಟಕ ಅಲ್ಲಿಗೆ ನಿಲ್ಲೋದಿಲ್ಲ. ಅಪ್ಪನಿಂದ ಬಂದ ಕಾಯಿಲೆ ಮಗನ ಮಿದುಳಿಗೇರಿದೆ. ಬೆಳಗಾಗುವಾಗ ‘ಅಮ್ಮಾ, ಸೂರ್ಯನನ್ನು ಕೊಡು’ ಎಂದು ಬಡಬಡಿಸುತ್ತಾನೆ. ಮಾತು ಕೊಟ್ಟಂತೆ ಅವನಿಗೆ ಸಾಯುವಷ್ಟು ಮಾರ್ಫಿನ್ ಕೊಡಬೇಕಾ, ಬೇಡವಾ? ಹೆಲೆನ್ ತತ್ತರಿಸುತ್ತಿರುವಾಗಲೇ ತೆರೆ ಬೀಳುತ್ತದೆ. ಇಬ್ಸೆನ್ ಉತ್ತರ ಹೇಳದೆ ಬಿಟ್ಟಿದ್ದೇ ಸರಿ ಅನ್ನಿಸುತ್ತದೆ. ಇಷ್ಟು ವರ್ಷ ಎಲ್ಲವನ್ನೂ ಒಬ್ಬಳೇ ನಿರ್ಧರಿಸಿದವಳು ಅವಳೇ ಅಲ್ವಾ?