ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಸಾಕಾ?

ನಮಸ್ಕಾರ. ಉಡುಪಿಯಿಂದ ನೀವು ಕಳಿಸಿದ ಸಮಾನ ಅವಕಾಶದ ಲೇಖನ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ವಾದ ಅರ್ಧಕ್ಕೇ ನಿಂತಿದೆ.

ನೀವು ಹೇಳುವುದು ಇಷ್ಟು: ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಮೇಲೂ ಉಳಿಯುವ ವ್ಯತ್ಯಾಸ ಹುಟ್ಟಿನಿಂದ ಬಂದದ್ದು, ಅಮೆರಿಕದ ಕಪ್ಪು ಜನ ಹಿಂದೆ ಬಿದ್ದದ್ದಕ್ಕೂ ಅದೇ ಕಾರಣ ಇರಬಹುದು. ಎರಡು ಬೇರೆ ಮಾತುಗಳನ್ನು ಒಂದೇ ವಾಕ್ಯಕ್ಕೆ ತುರುಕಿದ್ದೀರಿ. ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ, ಸರಿ. ಒಂದು ಜನಾಂಗವೇ ಹುಟ್ಟಿನಿಂದ ಕಡಿಮೆ ಅನ್ನುವುದಕ್ಕೆ ಅದು ಆಧಾರ ಆಗುವುದಿಲ್ಲ. ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಇದಕ್ಕೆ ಬೀಜದ ಉದಾಹರಣೆ ಕೊಟ್ಟಿದ್ದರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದೇ ಚೀಲದ ಭತ್ತವನ್ನು ನೀರು ನಿಲ್ಲುವ ತಗ್ಗಿನ ಬೈಲು ಗದ್ದೆಗೂ ಎತ್ತರದ ಬೆಟ್ಟು ಗದ್ದೆಗೂ ಬಿತ್ತಿ. ಒಂದು ಗದ್ದೆಯ ಒಳಗೆ ಗಿಡದಿಂದ ಗಿಡಕ್ಕೆ ಕಾಣುವ ವ್ಯತ್ಯಾಸ ಬೀಜದ್ದೇ ಇರಬಹುದು, ಆದರೆ ಎರಡು ಗದ್ದೆಗಳ ನಡುವಿನದ್ದು ಮಣ್ಣು ನೀರಿನದು. ಮನುಷ್ಯರ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೊಂದು ಸಮುದಾಯದ ಒಳಗೇ ಇದೆ ಎಂದು 1972ರಲ್ಲಿ ಲೆಕ್ಕ ಹಾಕಿದವರೂ ಅವರೇ.

ನ್ಯಾಯದ ಬಗ್ಗೆ ಬರೆದ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಹೆಸರನ್ನು ನಿಮ್ಮ ಪರವಾಗಿ ಸುಮ್ನೆ ಎಳೆದು ತಂದಿದ್ದೀರಿ. 1971ರಲ್ಲಿ ಅವರು ವಾದಿಸಿದ್ದು ನಿಮಗೆ ಎದುರಾಗಿ. ಬಾಗಿಲು ತೆರೆದಿಟ್ಟರೆ ಸಾಲದು, ಒಂದೇ ಪ್ರತಿಭೆ, ಒಂದೇ ಹುಮ್ಮಸ್ಸು ಇರುವ ಇಬ್ಬರು ಯಾವ ಮನೆಯಲ್ಲಿ ಹುಟ್ಟಿದರೂ ಅವಕಾಶ ಒಂದೇ ಥರ ಇರಬೇಕು. ಆ ಪ್ರತಿಭೆ ಕೂಡ ನಾವು ದುಡಿದು ಗಳಿಸಿದ್ದಲ್ಲ. ಒಪ್ಪಿಗೆ ಇಲ್ವಾ? ಹಾಗಾದರೆ 1974ರಲ್ಲಿ ಇನ್ನೊಬ್ಬ ತತ್ವಜ್ಞಾನಿ ರಾಬರ್ಟ್ ನೋಜಿಕ್ ಎತ್ತಿದ ತಕರಾರು ತನ್ನಿ: ಗಳಿಸದಿದ್ದರೂ ನನ್ನ ಪ್ರತಿಭೆ ನನ್ನದೇ, ಅದರಿಂದ ನ್ಯಾಯವಾಗಿ ಬಂದದ್ದೂ ನನ್ನದೇ. ಆ ಜಗಳ ಓದುಗರಿಗೆ ಬೇಕು ಮಾರಾಯ್ರೆ, ನೀವು ಅದನ್ನೇ ದಾಟಿ ಹೋಗಿದ್ದೀರಿ.

ಅಮೆರಿಕದಲ್ಲಿ ಗುಲಾಮಗಿರಿ ಹೋದದ್ದು 1865ರಲ್ಲಿ. ಬಣ್ಣ ನೋಡಿ ಮಕ್ಕಳಿಗೆ ಬೇರೆ ಸರ್ಕಾರಿ ಶಾಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ನಡುವಿನ ಆ ಕಾಲ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ನನಗೆ ಜಾಸ್ತಿ ಬೇಸರ ಆದದ್ದು ಇನ್ನೊಂದಕ್ಕೆ. ಉಡುಪಿಯಲ್ಲಿ ಕೂತು ಬರೆದ ಲೇಖನದಲ್ಲಿ ಇಲ್ಲಿಯದೇ ಆದಿವಾಸಿಗಳಾದ ಕೊರಗರ ಹೆಸರೇ ಬರುವುದಿಲ್ಲ. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ಆ ಬೇರೆಯವರ ದೋಷವನ್ನು ಕೊರಗರ ಮೇಲೆ ಹೊರಿಸುವ ಅಜಲು ಪದ್ಧತಿ ನಿಲ್ಲಿಸಲಿಕ್ಕೆ 2000ದಲ್ಲಿ ಕಾಯ್ದೆಯೇ ಬೇಕಾಯಿತು. ಆ ಮನೆಯ ಮಗು ನಿಮ್ಮ ಅದೇ ಪ್ರಶ್ನೆಪತ್ರಿಕೆ ಬರೆದರೆ, ಬಂದ ಅಂಕದಲ್ಲಿ ಹುಟ್ಟಿನದ್ದು ಎಷ್ಟು, ಊರು ಮಾಡಿದ್ದು ಎಷ್ಟು ಎಂದು ಹೇಗೆ ಬೇರೆ ಮಾಡುತ್ತೀರಿ? ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಶಾಲೆಗೇ ನಿಲ್ಲಿಸಲಿಲ್ಲ. ಕೈಕಸುಬು, ವಸತಿ ಎಂದೆಲ್ಲ ಓಡಾಡಿದರು. ಯಾಕೆ ಎಂದು ಯೋಚಿಸಿ, ಅಲ್ಲಿಂದಲೇ ಲೇಖನ ಶುರು ಮಾಡಬಹುದು.

'ಪ್ರಕೃತಿಯದೇ ಆಯ್ಕೆ' ಎನ್ನುವ ಸಾಲು ತೆಗೆಯಿರಿ. ಮೀಸಲಾತಿ ಬಗ್ಗೆ ಕೊನೆಗೆ ಅಂಟಿಸಿದ ಪ್ಯಾರಾ ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ನಿಮ್ಮ ನಿಲುವು ಬದಲಾಗದಿದ್ದರೂ ಅಡ್ಡಿಯಿಲ್ಲ, ಎದುರಿನವರ ವಾದಕ್ಕೆ ಉತ್ತರ ಕೊಟ್ಟು ಕಳಿಸಿ, ನಾನೇ ಓದುತ್ತೇನೆ.