ವಾಂಡಿವಾಶ್‌ನಲ್ಲಿ ಫ್ರೆಂಚರು ಸೋತಿದ್ದು ಯಾಕೆ?

ಎರಡೂ ಕಡೆ ಯುರೋಪಿಯನ್ ಸೈನಿಕರು ಹೆಚ್ಚು ಕಡಿಮೆ ಸಮ ಇದ್ದರೂ ವಾಂಡಿವಾಶ್‌ನಲ್ಲಿ ಫ್ರೆಂಚರು ಇಂಗ್ಲಿಷರ ಎದುರು ಒಂದೇ ದಿನದಲ್ಲಿ ಸೋತಿದ್ದು ಹೇಗೆ ಅಂತ ಕೇಳಿದ್ದೀರಿ. ಊರು ಈಗಿನ ತಮಿಳುನಾಡಿನ ವಂದವಾಸಿ. ದಿನ 1760ರ ಜನವರಿ 22.

ನನ್ನ ಪ್ರಕಾರ ಅರ್ಧ ಸೋಲು ಮೊದಲೇ ಆಗಿತ್ತು. ಫ್ರೆಂಚ್ ಸೈನಿಕರಿಗೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ, 1759ರಲ್ಲಿ ದಂಗೆಯೇ ಎದ್ದಿದ್ದರು. ಸೇನಾಪತಿ ಲಾಲಿಗೂ, ದಖ್ಖನ್ ಚೆನ್ನಾಗಿ ಬಲ್ಲ ಫ್ರೆಂಚ್ ಅಧಿಕಾರಿ ಬುಸ್ಸಿಗೂ ಆಗಿಬರುತ್ತಿರಲಿಲ್ಲ. ಜೊತೆಗಿದ್ದ ಮರಾಠಾ ಕುದುರೆ ಸವಾರರು ಕಾಳಗಕ್ಕೆ ಇಳಿಯಲೇ ಇಲ್ಲ. ಸುಮ್ನೆ ಜೀವ ಯಾಕೆ ಕೊಡಬೇಕು, ಅಲ್ವಾ?

ಅಂದು ಲಾಲಿ ಕೋಟೆಗೆ ಮುತ್ತಿಗೆ ಹಾಕಿದ್ದ. ಅದನ್ನು ಬಿಡಿಸಲು ಇಂಗ್ಲಿಷರ ಸೇನಾಪತಿ ಐರ್ ಕೂಟ್ ಬಂದ. ಫ್ರೆಂಚರ ಲೊರೇನ್ ರೆಜಿಮೆಂಟ್ ಒತ್ತಾಗಿ ಸಾಲುಗಟ್ಟಿ ನುಗ್ಗಿತು, ಇಂಗ್ಲಿಷರ ಗುಂಡಿಗೆ ಚದುರಿತು. ಅಷ್ಟರಲ್ಲಿ ಫ್ರೆಂಚರ ಎಡಭಾಗದಲ್ಲಿ, ಕೆರೆ ಹತ್ತಿರ, ಮದ್ದಿನ ಬಂಡಿ ಸ್ಫೋಟಿಸಿತು. ಗಾಬರಿಯಾದವರು ಓಡಿದರು. ಆ ಜಾಗ ಹಿಡಿಯಲು ಹೋದ ಬುಸ್ಸಿ ಸೆರೆಸಿಕ್ಕ.

ಫ್ರೆಂಚರ ಮುಖ್ಯ ನೆಲೆ ಪಾಂಡಿಚೇರಿ ಬಿದ್ದಿದ್ದು ಮಾತ್ರ 1761ರ ಜನವರಿಯಲ್ಲಿ. ಲಾಲಿಯ ತಲೆಯನ್ನು 1766ರಲ್ಲಿ ಪ್ಯಾರಿಸ್‌ನಲ್ಲಿ ಅವನ ದೇಶದವರೇ ಕಡಿದರು. ಅಂದಹಾಗೆ, 1781ರಲ್ಲಿ ತಮಿಳುನಾಡಿನ ಪೋರ್ಟೊ ನೋವೊದಲ್ಲಿ ನಮ್ಮ ಹೈದರ್ ಅಲಿಯನ್ನು ಸೋಲಿಸಿದ್ದೂ ಇದೇ ಕೂಟ್.