ಚೀನಾ ಇನ್ನೂ ‘ಅಭಿವೃದ್ಧಿಶೀಲ’ ದೇಶ ಹೇಗೆ? ವಿಶ್ವ ವ್ಯಾಪಾರದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಚೀನಾ ಜಗತ್ತಿನ ಎರಡನೇ ದೊಡ್ಡ ಆರ್ಥಿಕತೆ. ಆದರೂ ವಿಶ್ವ ವ್ಯಾಪಾರ ಸಂಘಟನೆಯಲ್ಲಿ (ಡಬ್ಲ್ಯುಟಿಒ) ಅಭಿವೃದ್ಧಿಶೀಲ ದೇಶ ಎಂದೇ ಹೇಳಿಕೊಳ್ಳುತ್ತದೆ. ಇದನ್ನು ಯಾರೂ ತಡೆಯುವಂತಿಲ್ಲವೇ? ಇದರಿಂದ ಅದಕ್ಕೆ ಎಷ್ಟು ಲಾಭ?

ಉತ್ತರ: ತಡೆಯುವುದಕ್ಕೆ ನಿಯಮವೇ ಇಲ್ಲ. ಅಭಿವೃದ್ಧಿಶೀಲ ದೇಶ ಎಂದರೆ ಯಾವುದು ಎಂದು ಡಬ್ಲ್ಯುಟಿಒ ಎಲ್ಲಿಯೂ ಬರೆದಿಟ್ಟಿಲ್ಲ. ಸದಸ್ಯ ದೇಶ ತನ್ನನ್ನು ತಾನೇ ಹಾಗೆ ಘೋಷಿಸಿಕೊಂಡರೆ ಮುಗಿಯಿತು. ತಲಾ ಆದಾಯದ ಮೇಲೆ ವಿಶ್ವ ಬ್ಯಾಂಕ್ ಮಾಡುವ ವಿಂಗಡಣೆಗೂ ಇದಕ್ಕೂ ಸಂಬಂಧವಿಲ್ಲ.

ಆದರೆ ಈ ಹಣೆಪಟ್ಟಿಯಿಂದ ಚೀನಾಕ್ಕೆ ಸಿಕ್ಕಿರುವುದು ಜನ ಅಂದುಕೊಂಡಷ್ಟಿಲ್ಲ. ಡಬ್ಲ್ಯುಟಿಒಗೆ ಮುಂಚಿನ ಗ್ಯಾಟ್ ವ್ಯಾಪಾರ ಒಪ್ಪಂದಕ್ಕೆ 1986ರಲ್ಲಿ ಅರ್ಜಿ ಹಾಕಿದ ಚೀನಾ, 15 ವರ್ಷ ಚೌಕಾಶಿ ನಡೆಸಿ 2001ರ ಡಿಸೆಂಬರ್ 11ರಂದು 143ನೇ ಸದಸ್ಯನಾಯಿತು. ಆ ಚೌಕಾಶಿಯಲ್ಲಿ ಅಭಿವೃದ್ಧಿಶೀಲ ದೇಶಗಳಿಗಿರುವ ಹಲವು ರಿಯಾಯಿತಿಗಳನ್ನು ಅದು ಬಿಟ್ಟುಕೊಟ್ಟಿತು. ಕೃಷಿಯನ್ನೇ ನೋಡಿ. ಬೆಲೆಯನ್ನು ಏರುಪೇರು ಮಾಡುವ ಬೆಂಬಲವನ್ನು ಅಭಿವೃದ್ಧಿಶೀಲ ದೇಶಗಳು ಒಂದು ಬೆಳೆಯ ಉತ್ಪಾದನಾ ಮೌಲ್ಯದ ಶೇ 10ರವರೆಗೆ ಕೊಡಬಹುದು. ಶ್ರೀಮಂತ ದೇಶಗಳಿಗೆ ಮಿತಿ ಶೇ 5. ಚೀನಾ ಒಪ್ಪಿಕೊಂಡಿದ್ದು ಶೇ 8.5ಕ್ಕೆ. ಬಡ ರೈತರಿಗೆ ಕೊಡುವ ಗೊಬ್ಬರ, ನೀರಾವರಿಯಂಥ ಸಬ್ಸಿಡಿಯನ್ನು ಭಾರತ ಈ ಮಿತಿಯ ಲೆಕ್ಕದಿಂದ ಹೊರಗಿಡಬಹುದು, ಚೀನಾ ಇಡುವಂತಿಲ್ಲ. ಗೋಧಿ ಮತ್ತು ಅಕ್ಕಿಯಲ್ಲಿ 2012ರಿಂದ 2015ರವರೆಗೆ ಮಿತಿ ಮೀರಿದೆ ಎಂದು ಅಮೆರಿಕ ಹೂಡಿದ ದಾವೆಯಲ್ಲಿ 2019ರ ಫೆಬ್ರುವರಿಯಲ್ಲಿ ಚೀನಾ ಸೋತಿತು.

ಹಣೆಪಟ್ಟಿಗೆ ಬೆಲೆ ಬರುವುದು ಹೊಸ ಒಪ್ಪಂದಗಳ ಮಾತುಕತೆಯಲ್ಲಿ. ಅಲ್ಲಿ ಹೆಚ್ಚು ಕಾಲಾವಕಾಶ, ಸುಂಕ ಮತ್ತು ಸಬ್ಸಿಡಿಯಲ್ಲಿ ಕಡಿಮೆ ಕಡಿತ ಕೇಳಬಹುದು. ಬ್ರೆಜಿಲ್ ಮತ್ತು ದಕ್ಷಿಣ ಕೊರಿಯಾ 2019ರಲ್ಲೇ ಇನ್ನು ಮುಂದೆ ಕೇಳುವುದಿಲ್ಲ ಎಂದವು. ಚೀನಾದ ಪ್ರಧಾನಿ ಲಿ ಕಿಯಾಂಗ್ ಅದೇ ಮಾತನ್ನು ಹೇಳಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಹೆಸರು ಬಿಡುವುದಿಲ್ಲ, ಹೊಸ ರಿಯಾಯಿತಿ ಬೇಡ ಎಂಬುದು ಅದರ ಈಗಿನ ನಿಲುವು. ಇದರ ಬಿಸಿ ನಾಳೆ ಭಾರತಕ್ಕೂ ತಟ್ಟಲಿದೆ. ರಿಯಾಯಿತಿ ಬೇಕು ಎನ್ನುವ ದೊಡ್ಡ ದೇಶಗಳ ಸಾಲಿನಲ್ಲಿ ಮುಂದೆ ನಿಲ್ಲುವುದು ನಾವೇ.

ಪ್ರಶ್ನೆ: ಚೀನಾ ಮಾಲಿನ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಲೆಕ್ಕ ಹಾಕುವಾಗ ಅಲ್ಲಿನ ಬೆಲೆ ಬಿಟ್ಟು ಬೇರೆ ಬೆಲೆ ಹಿಡಿಯುತ್ತಾರಂತೆ. ಇದು ಸರಿಯೇ? ನಮ್ಮಂಥ ಸಣ್ಣ ತಯಾರಕರು ಅರ್ಜಿ ಹಾಕುವುದು ಹೇಗೆ?

ಉತ್ತರ: ಮೊದಲು ಲೆಕ್ಕ. ತನ್ನ ದೇಶದ ಬೆಲೆಗಿಂತ ಅಗ್ಗಕ್ಕೆ ಹೊರದೇಶಕ್ಕೆ ಮಾರುವುದು ಡಂಪಿಂಗ್, ಅದನ್ನು ಸರಿದೂಗಿಸಲು ಆಮದು ಮಾಡುವ ದೇಶ ಹಾಕುವುದು ಆ್ಯಂಟಿ ಡಂಪಿಂಗ್ ಸುಂಕ. ತಯಾರಕ ತನ್ನ ದೇಶದಲ್ಲಿ 100 ರೂಪಾಯಿಗೆ ಮಾರುವ ಮಾಲನ್ನು ನಮಗೆ 80ಕ್ಕೆ ಕಳಿಸಿದರೆ ಡಂಪಿಂಗ್ ಅಂತರ 20 ರೂಪಾಯಿ. ರಫ್ತು ಬೆಲೆಯ ಮೇಲೆ ಅದು ಶೇ 25. ಈಗ ಚೀನಾದ 100 ರೂಪಾಯಿಯನ್ನು ನಂಬುವುದಿಲ್ಲ, ಸರ್ಕಾರ ಅಗ್ಗದ ಸಾಲ, ವಿದ್ಯುತ್, ಜಮೀನು ಕೊಟ್ಟಿದ್ದರಿಂದ ಆ ಬೆಲೆ ಬಂದಿದೆ ಎಂದುಕೊಳ್ಳಿ. ಮಾರುಕಟ್ಟೆ ಆರ್ಥಿಕತೆಯಿರುವ ಇನ್ನೊಂದು ದೇಶದಲ್ಲಿ ಅದೇ ಮಾಲು 130 ರೂಪಾಯಿ ಇದ್ದರೆ ಅಂತರ 50ಕ್ಕೆ ಏರುತ್ತದೆ, ಅಂದರೆ ಶೇ 62.5. ಸುಂಕದ ಗಾತ್ರ ತೀರ್ಮಾನವಾಗುವುದೇ ಈ ಒಂದು ಆಯ್ಕೆಯಲ್ಲಿ.

ಈ ಅವಕಾಶವನ್ನು ಕೊಟ್ಟಿದ್ದು ಚೀನಾದ ಸೇರ್ಪಡೆ ಒಪ್ಪಂದದ 15ನೇ ಕಲಮು. ಅದರ ಒಂದು ಉಪಕಲಮು 2016ರ ಡಿಸೆಂಬರ್ 11ಕ್ಕೆ ಮುಗಿಯಿತು. ಅಲ್ಲಿಗೆ ಬೇರೆ ಬೆಲೆ ಹಿಡಿಯುವ ಹಕ್ಕೂ ಮುಗಿಯಿತು ಎಂಬುದು ಚೀನಾದ ವಾದ. ಉಳಿದ ಭಾಗ ಜೀವಂತವಾಗಿದೆ ಎಂಬುದು ಅಮೆರಿಕ, ಯುರೋಪ್ ವಾದ. ಮರುದಿನವೇ ಚೀನಾ ಡಬ್ಲ್ಯುಟಿಒ ಮೆಟ್ಟಿಲು ಹತ್ತಿತು. ಆದರೆ ಯುರೋಪ್ ವಿರುದ್ಧದ ದಾವೆಯ ವಿಚಾರಣೆಯನ್ನು 2019ರಲ್ಲಿ ತಾನೇ ನಿಲ್ಲಿಸುವಂತೆ ಕೇಳಿಕೊಂಡಿತು. ವರ್ಷ ಕಳೆದು ಅದು ತಾನಾಗಿ ಬಿದ್ದುಹೋಯಿತು. ಹಾಗಾಗಿ ಪ್ರಶ್ನೆಗೆ ಅಂತಿಮ ತೀರ್ಪು ಇಲ್ಲ, ಪ್ರತಿ ದೇಶವೂ ತನ್ನ ಕಾನೂನಿನಂತೆ ನಡೆಯುತ್ತಿದೆ. ಸಬ್ಸಿಡಿಯಿಂದ ಬೆಲೆ ತಿರುಚಿದ್ದರೆ ಅದನ್ನು ಪಕ್ಕಕ್ಕಿಡುವುದು ನ್ಯಾಯವೇ ಎಂಬುದು ನಮ್ಮ ಅಭಿಪ್ರಾಯ. ಆದರೆ ತಿರುಚಿದ್ದಕ್ಕೆ ಪುರಾವೆ ಇರಬೇಕು, ಚೀನಾದ್ದು ಎಂಬ ಒಂದೇ ಕಾರಣ ಸಾಲದು.

ಇನ್ನು ಅರ್ಜಿ. ಭಾರತದಲ್ಲಿ ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ (ಡಿಜಿಟಿಆರ್). ಸುಂಕ ಹೇರುವುದು ಹಣಕಾಸು ಸಚಿವಾಲಯ. ಅರ್ಜಿಗೆ ಬೆಂಬಲ ಕೊಡುವ ತಯಾರಕರ ಪಾಲು ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25 ಇರಬೇಕು, ಬೆಂಬಲಿಸುವವರ ಉತ್ಪಾದನೆ ವಿರೋಧಿಸುವವರದ್ದಕ್ಕಿಂತ ಹೆಚ್ಚಿರಬೇಕು. ಒಂಟಿ ಸಣ್ಣ ಘಟಕಕ್ಕೆ ಇದು ಆಗದ ಮಾತು, ಸಂಘದ ಮೂಲಕವೇ ಹೋಗಿ. ಡಂಪಿಂಗ್, ನಿಮಗಾದ ಹಾನಿ, ಅವೆರಡರ ನಡುವಿನ ಕಾರ್ಯಕಾರಣ ಸಂಬಂಧ, ಈ ಮೂರನ್ನೂ ತೋರಿಸಬೇಕು. ಅಂತರ ಶೇ 2ಕ್ಕಿಂತ ಕಡಿಮೆಯಿದ್ದರೆ ಪ್ರಕರಣ ನಿಲ್ಲುವುದಿಲ್ಲ.

ಅರ್ಜಿಗಳು ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ, ಅಂದರೆ ಕಾರ್ಯಕಾರಣದಲ್ಲಿ. ನಿಮ್ಮ ಮಾರಾಟ ಕುಸಿದ ವರ್ಷವೇ ಹಳೆಯ ಯಂತ್ರ ನಿಂತಿದ್ದರೆ, ಬೇಡಿಕೆಯೇ ಇಳಿದಿದ್ದರೆ, ಆಮದುದಾರರ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಅದೇ ಮಾಲನ್ನು ನೀವೂ ಚೀನಾದಿಂದ ತರಿಸುತ್ತಿದ್ದರೆ ನಿಮ್ಮನ್ನು ದೇಶೀ ಉದ್ಯಮದ ಲೆಕ್ಕದಿಂದಲೇ ಕೈಬಿಡಬಹುದು. ವೆಚ್ಚದ ವಿವರ ಗೋಪ್ಯವಾಗಿಡಿ ಎಂದು ಕೇಳಿದರೆ ಅದರ ಜೊತೆಗೇ ಎಲ್ಲರೂ ಓದಬಹುದಾದ ಸಾರಾಂಶವನ್ನೂ ಕೊಡಬೇಕು, ಕೊಡದಿದ್ದರೆ ಆ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ತನಿಖೆಗೆ ಸಾಮಾನ್ಯವಾಗಿ 12 ತಿಂಗಳು, ಎಳೆದರೂ 18 ತಿಂಗಳು. ಸುಂಕ ಹೆಚ್ಚೆಂದರೆ 5 ವರ್ಷ, ಮುಂದುವರಿಸಬೇಕಾದರೆ ಅವಧಿ ಮುಗಿಯುವ ಮುನ್ನವೇ ಮರುಪರಿಶೀಲನೆ ಕೋರಬೇಕು.

ಪ್ರಶ್ನೆ: ವಿರಳ ಲೋಹಗಳ ರಫ್ತನ್ನು ಚೀನಾ ಬಿಗಿ ಮಾಡಿದೆ. ಹಿಂದೆ ಇದೇ ವಿಷಯದಲ್ಲಿ ಸೋತಿತ್ತಲ್ಲ, ಮತ್ತೆ ಡಬ್ಲ್ಯುಟಿಒಗೆ ಎಳೆಯಬಾರದೇಕೆ?

ಉತ್ತರ: ಆಗ ಚೀನಾ ಹಾಕಿದ್ದು ಪ್ರಮಾಣದ ಮಿತಿ ಮತ್ತು ರಫ್ತು ಸುಂಕ. ಪಟ್ಟಿಯಲ್ಲಿ ಹೆಸರಿಸಿದ 84 ಸರಕು ಬಿಟ್ಟು ಬೇರಾವುದಕ್ಕೂ ರಫ್ತು ಸುಂಕ ಹಾಕುವುದಿಲ್ಲ ಎಂದು ಸೇರುವಾಗಲೇ ಬರೆದುಕೊಟ್ಟಿದ್ದರಿಂದ ಅದರ ಕೈ ಕಟ್ಟಿತ್ತು. ಅಮೆರಿಕ, ಯುರೋಪ್, ಜಪಾನ್ 2012ರ ಮಾರ್ಚ್‌ನಲ್ಲಿ ದೂರಿದವು. 2014ರ ಆಗಸ್ಟ್‌ನಲ್ಲಿ ಮೇಲ್ಮನವಿಯಲ್ಲೂ ಚೀನಾ ಸೋತು, 2015ರಲ್ಲಿ ಮಿತಿ, ಸುಂಕ ಎರಡನ್ನೂ ತೆಗೆಯಿತು. ಗೆದ್ದವರಿಗೆ ಕಳೆದ ವರ್ಷಗಳ ನಷ್ಟ ಮಾತ್ರ ಸಿಗಲಿಲ್ಲ. ಡಬ್ಲ್ಯುಟಿಒ ತೀರ್ಪು ಮುಂದಿನದನ್ನು ಸರಿಪಡಿಸುತ್ತದೆ, ಹಿಂದಿನದಕ್ಕೆ ಪರಿಹಾರ ಕೊಡಿಸುವುದಿಲ್ಲ.

2025ರ ಏಪ್ರಿಲ್ 4ರಂದು ಬಂದದ್ದು ಬೇರೆ ಬಗೆಯ ಕ್ರಮ. ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಲೋಹಗಳಿಗೆ, ಅವುಗಳಿಂದ ಮಾಡಿದ ಮ್ಯಾಗ್ನೆಟ್‌ಗಳಿಗೆ ಪರವಾನಗಿ ಕಡ್ಡಾಯವಾಯಿತು. ಮಾಲನ್ನು ಕೊನೆಗೆ ಬಳಸುವವರು ಯಾರು, ಯಾವುದಕ್ಕೆ ಎಂಬ ಪತ್ರ ಕೊಡಬೇಕು. ಮಿತಿಯೂ ಇಲ್ಲ, ಸುಂಕವೂ ಇಲ್ಲ, ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ. ಗ್ಯಾಟ್ ಒಪ್ಪಂದದ 21ನೇ ವಿಧಿ ಭದ್ರತೆಗೆ ವಿನಾಯಿತಿ ಕೊಡುತ್ತದೆ. ಉಕ್ಕಿನ ಮೇಲಿನ ತನ್ನ ಸುಂಕಕ್ಕೆ ಅಮೆರಿಕವೇ ಅದೇ ವಿಧಿಯನ್ನು ಮುಂದಿಟ್ಟಿದೆ, ಈಗ ಚೀನಾಕ್ಕೆ ಬುದ್ಧಿ ಹೇಳುವುದು ಅದಕ್ಕೆ ಕಷ್ಟ.

ಗೆದ್ದರೂ ಇನ್ನೊಂದು ತೊಡಕಿದೆ. ಮೇಲ್ಮನವಿ ಪೀಠದಲ್ಲಿ ಏಳು ಸದಸ್ಯರಿರಬೇಕು, ಒಂದು ಪ್ರಕರಣ ಕೇಳಲು ಮೂವರು ಬೇಕು. ನೇಮಕಕ್ಕೆ ಎಲ್ಲರ ಒಪ್ಪಿಗೆ ಬೇಕಾದ್ದರಿಂದ ಅಮೆರಿಕ ತಡೆಯುತ್ತ ಬಂದು, 2019ರ ಡಿಸೆಂಬರ್‌ನಿಂದ ಪೀಠ ಕೆಲಸ ಮಾಡದಂತಾಗಿದೆ. ಸೋತವರು ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿದರೆ ತೀರ್ಪು ಜಾರಿಯಾಗದೆ ಉಳಿಯುತ್ತದೆ. ಇದಕ್ಕೆ ಬದಲಿಯಾಗಿ ಯುರೋಪ್, ಚೀನಾ, ಬ್ರೆಜಿಲ್ ಮೊದಲಾದವು 2020ರಲ್ಲಿ ತಮ್ಮೊಳಗೆ ಮಧ್ಯಸ್ಥಿಕೆಯ ಏರ್ಪಾಡು ಮಾಡಿಕೊಂಡವು. ಭಾರತ, ಅಮೆರಿಕ ಅದರಲ್ಲಿಲ್ಲ.

ಪ್ರಶ್ನೆ: ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ಚೀನಾದ ಮಾತು ಎಷ್ಟು ನಡೆಯುತ್ತದೆ? ತನ್ನದೇ ಬ್ಯಾಂಕ್ ಕಟ್ಟಿದ್ದು ಅದಕ್ಕಾಗಿಯೇ?

ಉತ್ತರ: ಜಗತ್ತಿನ ಉತ್ಪನ್ನದಲ್ಲಿ ಸುಮಾರು ಶೇ 17ರಷ್ಟು ಪಾಲಿರುವ ಚೀನಾಕ್ಕೆ ಐಎಂಎಫ್‌ನಲ್ಲಿರುವ ಮತ ಶೇ 6ರ ಆಸುಪಾಸು. ಅಮೆರಿಕದ್ದು ಶೇ 16.5. ಮತಹಂಚಿಕೆ ಬದಲಿಸಲು ಶೇ 85 ಮತ ಬೇಕು, ಆದ್ದರಿಂದ ಅಮೆರಿಕ ಒಪ್ಪದೆ ಅದು ಕದಲುವುದಿಲ್ಲ. 2010ರಲ್ಲಿ ಒಪ್ಪಿದ ಸುಧಾರಣೆ ಜಾರಿಯಾಗಿದ್ದು 2016ರ ಜನವರಿಯಲ್ಲಿ, ಅಮೆರಿಕದ ಕಾಂಗ್ರೆಸ್ ಅಷ್ಟು ತಡ ಮಾಡಿತು. 2023ರ ಡಿಸೆಂಬರ್‌ನಲ್ಲಿ ಎಲ್ಲರ ಕೋಟಾವನ್ನೂ, ಅಂದರೆ ಮತದ ಬಲ ನಿರ್ಧರಿಸುವ ವಂತಿಗೆಯನ್ನೂ, ಶೇ 50 ಏರಿಸಲು ಒಪ್ಪಿದರು, ಪಾಲು ಮಾತ್ರ ಇದ್ದಲ್ಲೇ ಇತ್ತು.

2016ರ ಜನವರಿಯಲ್ಲೇ ಬೀಜಿಂಗ್‌ನಲ್ಲಿ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ (ಎಐಐಬಿ) ಶುರುವಾಯಿತು, ಬಂಡವಾಳ 10,000 ಕೋಟಿ ಡಾಲರ್. ಇಲ್ಲಿ ಚೀನಾದ ಮತ ಶೇ 26ಕ್ಕೂ ಹೆಚ್ಚು, ಅಧ್ಯಕ್ಷರ ಆಯ್ಕೆ, ಬಂಡವಾಳ ಏರಿಕೆಯಂಥ ತೀರ್ಮಾನಕ್ಕೆ ಬೇಕಾದದ್ದು ಶೇ 75. ಲೆಕ್ಕ ನಿಮಗೇ ತಿಳಿಯುತ್ತದೆ. ಆದರೆ ಒಂದೊಂದು ಯೋಜನೆಯ ಸಾಲಕ್ಕೆ ಬಹುಮತ ಸಾಕು, ಅಲ್ಲಿ ಚೀನಾ ಒಂಟಿಯಾಗಿ ತಡೆಯಲಾರದು. ಎರಡನೇ ದೊಡ್ಡ ಷೇರುದಾರ ಭಾರತ.

ಎಐಐಬಿ ಸಾಲವನ್ನೂ ಚೀನಾದ ಸರ್ಕಾರಿ ಬ್ಯಾಂಕುಗಳ ಸಾಲವನ್ನೂ ಒಂದೇ ಎಂದುಕೊಳ್ಳಬೇಡಿ. ಹಲವು ದೇಶಗಳಲ್ಲಿ ರಸ್ತೆ, ಬಂದರು ಕಟ್ಟುವ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆಯ ಹಣದ ಬಹುಪಾಲು ಬಂದದ್ದು ಚೀನಾ ಎಕ್ಸಿಮ್ ಬ್ಯಾಂಕ್, ಚೀನಾ ಡೆವಲಪ್‌ಮೆಂಟ್ ಬ್ಯಾಂಕ್‌ಗಳಿಂದ. ನಿಜವಾದ ಪರೀಕ್ಷೆ ನಡೆದದ್ದೂ ಅಲ್ಲೇ. 2020ರ ನವೆಂಬರ್‌ನಲ್ಲಿ ಜಾಂಬಿಯಾ ಸಾಲ ಕಟ್ಟದೆ ನಿಂತಾಗ, ಸಾಲ ಕೊಟ್ಟ ದೇಶಗಳ ಸಮಿತಿಗೆ ಚೀನಾ ಮತ್ತು ಫ್ರಾನ್ಸ್ ಜಂಟಿ ಅಧ್ಯಕ್ಷರಾದವು. ಸುಮಾರು 630 ಕೋಟಿ ಡಾಲರ್ ಸಾಲದ ಹೊಂದಾಣಿಕೆಗೆ ಒಪ್ಪಿಗೆ ಸಿಕ್ಕಿದ್ದು 2023ರ ಜೂನ್‌ನಲ್ಲಿ. ಎರಡೂವರೆ ವರ್ಷ ಆ ದೇಶ ಕಾದು ಕೂತಿತು. ಸಾಲ ಕೊಡುವ ದೊಡ್ಡ ದೇಶಗಳ ಹಳೆಯ ಕೂಟವಾದ ಪ್ಯಾರಿಸ್ ಕ್ಲಬ್‌ಗೆ ಚೀನಾ ಸೇರಿಲ್ಲ, ಹಾಗಾಗಿ ಪ್ರತಿ ಸಲವೂ ಯಾರು ಎಷ್ಟು ನಷ್ಟ ಹೊರಬೇಕು ಎಂಬ ಮಾತು ಮೊದಲಿನಿಂದ ಶುರುವಾಗುತ್ತದೆ. ಈ ವಿಳಂಬದ ಪೆಟ್ಟು ಬೀಳುವುದು ಸಾಲ ಪಡೆದ ಬಡ ದೇಶದ ಜನರ ಮೇಲೆ.

ಪ್ರಶ್ನೆ: ಯುವಾನ್ ಡಾಲರ್ ಜಾಗಕ್ಕೆ ಬರುತ್ತದೆಯೇ?

ಉತ್ತರ: ಹತ್ತಿರದಲ್ಲಿ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಅದು ಐಎಂಎಫ್‌ನ ಎಸ್‌ಡಿಆರ್ ಬುಟ್ಟಿ (ಐಎಂಎಫ್‌ನ ಲೆಕ್ಕದ ಘಟಕದ ಬೆಲೆ ನಿರ್ಧರಿಸುವ ಐದು ಕರೆನ್ಸಿಗಳ ಗುಂಪು) ಸೇರಿತು, 2022ರಲ್ಲಿ ಅದರ ತೂಕ ಶೇ 12.28ಕ್ಕೆ ಏರಿತು. ಆದರೆ ಕೇಂದ್ರ ಬ್ಯಾಂಕುಗಳ ವಿದೇಶಿ ಮೀಸಲಿನಲ್ಲಿ ಅದರ ಪಾಲು ಶೇ 2ರ ಆಸುಪಾಸಿನಲ್ಲೇ ಇದೆ. ಹಣ ದೇಶದಿಂದ ಹೊರಹೋಗುವುದಕ್ಕೆ ಚೀನಾ ಹಾಕಿರುವ ನಿರ್ಬಂಧ ಸಡಿಲವಾಗದ ಹೊರತು, ಬೇಕೆಂದಾಗ ಹಿಂತೆಗೆಯಲಾಗದ ಕರೆನ್ಸಿಯಲ್ಲಿ ಯಾವ ದೇಶವೂ ತನ್ನ ಮೀಸಲಿನ ದೊಡ್ಡ ಭಾಗವನ್ನು ಇಡುವುದಿಲ್ಲ.